ನೀರು ಏರಿದಾಗ ಎಲ್ಲಿ, ಇಳಿದಾಗ ಎಲ್ಲಿ: ಕೊಡಗಿನ ಕೆರೆ-ಜಲಾಶಯಗಳಲ್ಲಿ ಗಾಳದ ಲೆಕ್ಕ

(ಕುಶಾಲನಗರದಲ್ಲಿ ಕಾಫಿ ಬೆಳೆಗಾರರು ಮತ್ತು ಗಾಳದ ಹವ್ಯಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಎರಡು ಬಗೆಯವರು ಕೂತಿದ್ದೀರಿ. ತೋಟದ ಕೆರೆಗೆ ಮೀನುಮರಿ ಬಿಟ್ಟು ಸಾಕುವವರು ಕೆಲವರು. ಬಿಡುವು ಸಿಕ್ಕರೆ ಗಾಳ ಹಿಡಿದು ಹಾರಂಗಿ ಹಿನ್ನೀರಿಗೋ ಚಿಕ್ಲಿಹೊಳೆ ಜಲಾಶಯಕ್ಕೋ ಹೊರಡುವವರು ಕೆಲವರು. ಇಬ್ಬರ ದೂರೂ ಒಂದೇ. ಹೋದ ವಾರ ಇದೇ ಜಾಗದಲ್ಲಿ ಸಾಕು ಸಾಕು ಅನ್ನುವಷ್ಟು ಸಿಕ್ಕಿತು, ಈ ವಾರ ಬೆಂಡು ಅಲುಗಲೇ ಇಲ್ಲ. ಅದೇ ಎರೆಹುಳು, ಅದೇ ಗಾಳ, ಅದೇ ಹೊತ್ತು. ಬದಲಾದದ್ದು ನೀರಿನ ಮಟ್ಟ. ಅಮಾವಾಸ್ಯೆ, ಹುಣ್ಣಿಮೆ, ಗಾಳಿಯ ದಿಕ್ಕು ಇವುಗಳ ಮಾತು ನಮ್ಮಲ್ಲಿ ಬೇಕಾದಷ್ಟು ನಡೆಯುತ್ತದೆ. ಮಟ್ಟದ ಮಾತು ಬರುವುದು ಕೆರೆ ಕೋಡಿ ಬಿದ್ದಾಗ ಅಥವಾ ತಳ ಕಂಡಾಗ ಮಾತ್ರ.

ಮೊದಲು ಮೀನು ಎಲ್ಲಿ ಮೇಯುತ್ತದೆ ಎಂದು ನೋಡೋಣ. ಬೆಳಕು ತಳ ಮುಟ್ಟುವ, ಹುಲ್ಲು-ಜೊಂಡು ಇರುವ, ಸುಮಾರು ಎರಡರಿಂದ ಆರು ಅಡಿ ಆಳದ ಪಟ್ಟಿಯಲ್ಲೇ ಹುಳ, ಸಿಗಡಿ, ಬಸವನಹುಳು, ಕೊಳೆತ ಎಲೆ ಎಲ್ಲವೂ ಹೆಚ್ಚು. ದಡದ ಸುತ್ತ ಇರುವ ಈ ಪಟ್ಟಿಯೇ ಕೆರೆಯ ಊಟದ ಮನೆ. ನೀರು ಏರಿದರೂ ಇಳಿದರೂ ಅದು ಜಾಗ ಬದಲಿಸುತ್ತದೆ. ಎಷ್ಟು ದೂರ ಸರಿಯುತ್ತದೆ ಎನ್ನುವುದು ದಡದ ಇಳಿಜಾರಿಗೆ ಬಿಟ್ಟದ್ದು. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಆಳ ಸಿಗುವ ಚಪ್ಪಟೆ ದಡದಲ್ಲಿ ನೀರು ಒಂದು ಅಡಿ ಇಳಿದರೆ ಅಂಚು ಹತ್ತು ಅಡಿ ಹಿಂದೆ ಹೋಗುತ್ತದೆ. ಎರಡು ಅಡಿಗೆ ಒಂದು ಅಡಿ ಇಳಿಯುವ ಕಡಿದಾದ ದಡದಲ್ಲಿ ಎರಡೇ ಅಡಿ. ಹಾಗಾಗಿ ಒಂದೇ ಕೆರೆಯ ಎರಡು ದಡಗಳಲ್ಲಿ ಒಂದೇ ದಿನ ಮೀನಿನ ಪಾಲಿಗೆ ಎರಡು ಬೇರೆ ಸಂಗತಿ ನಡೆದಿರುತ್ತದೆ.

ಏರುವುದು ಮತ್ತು ಇಳಿಯುವುದು ಪರಸ್ಪರ ತಿರುಗುಮುರುಗು ಎಂದು ತಿಳಿಯಬೇಡಿ. ಬೇಸಿಗೆಯಲ್ಲಿ ಬತ್ತಿದ ಅಂಚಿನಲ್ಲಿ ಹುಲ್ಲು ಬೆಳೆದಿರುತ್ತದೆ, ದನ ಮೇದು ಸಗಣಿ ಬಿದ್ದಿರುತ್ತದೆ, ಇರುವೆ-ಗೆದ್ದಲು ಗೂಡು ಕಟ್ಟಿರುತ್ತವೆ, ಮಣ್ಣಿನೊಳಗೆ ಎರೆಹುಳು ಇರುತ್ತದೆ. ಜೂನಿನಲ್ಲಿ ನೀರು ಅದರ ಮೇಲೆ ಏರಿದರೆ ಮೀನಿಗೆ ಹೊಸ ಮೇವು ಸಿಕ್ಕಂತೆ. ನೀರು ಇಳಿದಾಗ ಆ ಎರಡು-ಆರು ಅಡಿಯ ಪಟ್ಟಿ ಸರಿದು ಕೂರುವುದು ಈವರೆಗೆ ಆಳದಲ್ಲಿದ್ದ ಬೋಳು ಕೆಸರಿನ ಮೇಲೆ. ಅಲ್ಲಿ ಹುಲ್ಲೂ ಇಲ್ಲ, ಹುಳವೂ ಕಡಿಮೆ. ಮೀನು ಅಲ್ಲಿ ನಿಲ್ಲಲು ಕಾರಣವೇ ಇಲ್ಲ. ಅದು ಕಡಿದಾದ ಕಡೆಗೆ, ಮುಳುಗಿದ ಮರದ ಬುಡಕ್ಕೆ, ಹಳೆಯ ಹೊಳೆಪಾತ್ರದ ಅಂಚಿಗೆ ಹೋಗುತ್ತದೆ. ಏರುವಾಗ ಚಪ್ಪಟೆ ದಡ, ಇಳಿಯುವಾಗ ಕಡಿದಾದ ದಡ: ಇದನ್ನು ಪಾಲಿಸಿದರೆ ಖಾಲಿ ಕೈಯಲ್ಲಿ ಬರುವ ದಿನಗಳು ಗಣನೀಯವಾಗಿ ಕಡಿಮೆಯಾಗುತ್ತವೆ.

ಏರಿಳಿತದ ವೇಗವೂ ಮುಖ್ಯ. ದಿನಕ್ಕೆ ಎರಡು-ಮೂರು ಇಂಚಿನ ಬದಲಾವಣೆಯನ್ನು ಮೀನು ಲೆಕ್ಕಿಸುವುದಿಲ್ಲ, ಅಂಚಿನ ಜೊತೆ ನಿಧಾನವಾಗಿ ಸರಿಯುತ್ತದೆ. ಅರ್ಧ ಅಡಿ ದಾಟಿದರೆ ಜಾಗ ಬಿಡುತ್ತದೆ, ಒಂದು ದಿನದೊಳಗೆ ಇನ್ನೊಂದು ಕಡೆ ಸಿಗುತ್ತದೆ. ಒಂದು ಅಡಿಗೂ ಹೆಚ್ಚು ಇಳಿದರೆ ದಡವನ್ನೇ ತೊರೆದು ನಡುನೀರಿನಲ್ಲಿ ತೂಗಾಡುತ್ತದೆ, ಮೇವಿನ ಮೇಲೆ ಗಮನ ಇರುವುದಿಲ್ಲ. ಈ ಅಂಕಿಗಳು ಅನುಭವದ ಅಳತೆ, ನಿಮ್ಮ ಕೆರೆಯ ಆಳಕ್ಕೆ ತಕ್ಕಂತೆ ಸ್ವಲ್ಪ ಹೊಂದಿಸಿಕೊಳ್ಳಬೇಕು. ಮಟ್ಟ ನಿಂತ ಮೇಲೆ ಎರಡು-ಮೂರು ದಿನ ಬಿಟ್ಟು ಹೋದರೆ ಮೀನು ಮತ್ತೆ ಹಿಡಿತಕ್ಕೆ ಬರುತ್ತದೆ.

ಈಗ ಹಾರಂಗಿ. ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2859 ಅಡಿ, ಸಂಗ್ರಹ 8.5 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ದಿನವೂ ಇಂದಿನ ಮಟ್ಟ, ಒಳಹರಿವು, ಹೊರಹರಿವು ಬರುತ್ತದೆ. ಹೆಚ್ಚಿನವರು ಮಟ್ಟ ನೋಡಿ ಪತ್ರಿಕೆ ಮಡಚುತ್ತಾರೆ. ಗಾಳದವರಿಗೆ ಬೇಕಾದದ್ದು ಉಳಿದ ಎರಡು ಅಂಕಿಗಳ ವ್ಯತ್ಯಾಸ. ಒಂದು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಒಂದು ದಿನ ಹರಿದರೆ 86,400 ಘನ ಅಡಿ. ಒಳಹರಿವಿಗಿಂತ ಹೊರಹರಿವು 2,000 ಕ್ಯೂಸೆಕ್ ಹೆಚ್ಚಿದ್ದರೆ ದಿನಕ್ಕೆ 17.28 ಕೋಟಿ ಘನ ಅಡಿ, ಅಂದರೆ 0.17 ಟಿಎಂಸಿ ಹೋಯಿತು. ತುಂಬಿದ ಜಲಾಶಯದಲ್ಲಿ ಅದು ನೂರಕ್ಕೆ ಎರಡು ಪಾಲು. ಆದರೆ ಕಣಿವೆ ಮೇಲೆ ಅಗಲ, ಕೆಳಗೆ ಕಿರಿದು. ಜಲಾಶಯ ಅರ್ಧಕ್ಕಿಂತ ಕೆಳಗಿದ್ದಾಗ ಅದೇ 0.17 ಟಿಎಂಸಿ ಹೆಚ್ಚು ಅಡಿ ಇಳಿಸುತ್ತದೆ. ಆದ್ದರಿಂದ ಆಗಸ್ಟಿನಲ್ಲಿ ಗಮನಿಸದೆ ಬಿಟ್ಟ ಹೊರಹರಿವನ್ನು ಬೇಸಿಗೆಯಲ್ಲಿ ಹಾಗೆ ಬಿಡಲಾಗದು.

ಮಳೆಗಾಲದ ಆರಂಭದ ಏರಿಕೆಯಲ್ಲಿ ಇನ್ನೊಂದು ತೊಡಕಿದೆ, ಕೆಸರು. ಹಟ್ಟಿಹೊಳೆ, ಮಾದಾಪುರ ಹೊಳೆಗಳ ನೀರು ಹಾರಂಗಿಗೇ ಬರುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆ ಭಾಗದ ಬೆಟ್ಟಗಳು ಕುಸಿದಾಗ ಬಂದ ಮಣ್ಣು ಜಲಾಶಯದಲ್ಲಿ ಕೂತಿತು. ಹೊಳೆ ಬಂದು ಸೇರುವ ಬಾಯಲ್ಲಿ ಕಲ್ಲು, ಜಲ್ಲಿ ಇದ್ದ ಕಡೆ ಹೂಳು ಹರಡಿತು. "ಇಲ್ಲಿ ಹಳೆಯ ಹೊಳೆಗುಂಡಿ ಇದೆ" ಎಂದು ಹಿಂದಿನಿಂದ ಹೇಳಿಕೊಂಡು ಬಂದ ಜಾಗಗಳನ್ನು ಸೀಸ ಇಳಿಬಿಟ್ಟು ಮತ್ತೆ ಅಳೆದು ನೋಡದೆ ನಂಬಬೇಡಿ. ಕೆಂಪು ನೀರು ಬಂದಾಗ ಕಣ್ಣಿನಿಂದ ಬೇಟೆಯಾಡುವ ಮೀನು ಕುರುಡಾದಂತೆಯೇ. ಆಗ ಹೊಳೆಯುವ ಸ್ಪಿನ್ನರ್ (ತಿರುಗುವ ಲೋಹದ ಹುಸಿಮೇವು) ಎಸೆದು ಪ್ರಯೋಜನವಿಲ್ಲ. ಮೀಸೆ ಇರುವ, ವಾಸನೆ ಹಿಡಿದು ತಳ ಕೆದಕುವ ಸಾಮಾನ್ಯ ಗೆಂಡೆಗೆ ಎರೆಹುಳು, ಕಡಲೆಹಿಂಡಿ ಉಂಡೆ ಹಾಕಿದರೆ ಕೆಲಸ ಆಗುತ್ತದೆ. ಮೊಣಕಾಲಿನವರೆಗೆ ನೀರಿಗಿಳಿದು ಪಾದ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ತಳದ ಮೇವು, ಕಂಡರೆ ಏನು ಬೇಕಾದರೂ.

ಏರಿಕೆಯ ಇನ್ನೊಂದು ಸತ್ಯ ಯಾರಿಗೂ ಇಷ್ಟವಾಗುವುದಿಲ್ಲ. ಜಲಾಶಯ ತುಂಬಿತು ಎಂದು ಸಂಭ್ರಮಿಸಿ ಹೋದವರಿಗೆ ಮೀನು ಸಿಗುವುದಿಲ್ಲ. ಮೇ ತಿಂಗಳಲ್ಲಿ ಒಂದು ಕೊಳ್ಳದಲ್ಲಿ ಒತ್ತಾಗಿದ್ದ ಅಷ್ಟೇ ಮೀನು ಈಗ ಹಲವು ಪಟ್ಟು ನೀರಿನಲ್ಲಿ ಚದುರಿದೆ, ಹೊಟ್ಟೆಯೂ ತುಂಬಿದೆ. ಒಳ್ಳೆಯ ಅವಧಿ ಎರಡು: ಹೊಸ ನೀರು ಹುಲ್ಲಿನ ಮೇಲೆ ನಿಧಾನವಾಗಿ ಏರುವ ಮೊದಲ ವಾರಗಳು, ಮತ್ತು ಮಳೆ ಬಿಟ್ಟ ಮೇಲೆ, ತುಲಾ ಸಂಕ್ರಮಣದ ಆಸುಪಾಸಿನಿಂದ, ನೀರು ತಿಳಿಯಾಗಿ ಇಂಚು ಇಂಚು ಇಳಿಯತೊಡಗುವ ಕಾಲ.

ಚಿಕ್ಲಿಹೊಳೆಯ ಸ್ವಭಾವವೇ ಬೇರೆ. ಬರೀ 0.18 ಟಿಎಂಸಿಯ ಸಣ್ಣ ಜಲಾಶಯ, ಅರ್ಧಚಂದ್ರದ ಕಟ್ಟೆಯ ಮೇಲಿಂದ ಹೆಚ್ಚುವರಿ ನೀರು ತಾನಾಗಿ ಧುಮುಕುತ್ತದೆ. ತುಂಬಿದ ಮೇಲೆ ಮಟ್ಟ ಕಟ್ಟೆಯ ಅಂಚಿಗೆ ಅಂಟಿಕೊಂಡಿರುತ್ತದೆ. ಮಳೆಗಾಲದಲ್ಲಿ ಹಾರಂಗಿ ಕುಣಿಯುತ್ತಿದ್ದರೆ ಇಲ್ಲಿ ಅಂಚು ಸ್ಥಿರ. ಆದರೆ ಸಣ್ಣದಾದ್ದರಿಂದ ಕಾಲುವೆಗೆ ನೀರು ಬಿಡತೊಡಗಿದರೆ ಬೇಗ ಇಳಿಯುತ್ತದೆ.

ಇನ್ನು ತೋಟದ ಕೆರೆ. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕೂರೋಣ, ಯಾಕೆಂದರೆ ಇಲ್ಲಿ ಮಟ್ಟ ಇಳಿಸುವವರು ನಾವೇ.

ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಾರದಿದ್ದರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೇವೆ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1.03 ಲಕ್ಷ ಲೀಟರ್. ಒಂದು ಎಕರೆ ಹರವಿನ ಕೆರೆ ಒಂದು ಅಡಿ ಇಳಿದರೆ ಸಿಗುವುದು ಸುಮಾರು 12.3 ಲಕ್ಷ ಲೀಟರ್. ಹೂವಿಗೆ ಒಂದೂವರೆ ಇಂಚು ಕೊಡುವುದಾದರೆ ಕೆರೆಯ ಒಂದು ಅಡಿ ನೀರು ಎಂಟು ಎಕರೆ ತೋಟಕ್ಕೆ ಸಾಕು. 25 ಎಕರೆ ತೋಟವಿದ್ದರೆ ಒಂದು ಎಕರೆ ಕೆರೆ ಮೂರು ಅಡಿ ಇಳಿಯಿತು. ಆವಿಯಾಗಿ ಹೋಗುವುದು, ಪೈಪು ಸೋರುವುದು ಇದರ ಮೇಲೆ. ಈ ಕೆಲಸವನ್ನು ಹಗಲೂ ರಾತ್ರಿ ಪಂಪ್ ಓಡಿಸಿ ಒಂದು ವಾರದಲ್ಲಿ ಮುಗಿಸಿದರೆ ದಿನಕ್ಕೆ ಐದು ಇಂಚಿಗೂ ಹೆಚ್ಚು ಇಳಿತ. ಮೂರು ವಾರದ ನಂತರ ಮತ್ತೊಂದು ಸುತ್ತು ಕೊಟ್ಟರೆ ಮತ್ತೆ ಅಷ್ಟೇ. ಹತ್ತು ಅಡಿ ಆಳದ ಕೆರೆ ಮಾರ್ಚ್ ಕೊನೆಗೆ ನಾಲ್ಕು ಅಡಿಗೆ ಬಂದಿರುತ್ತದೆ.

ಇದೇ ಜನವರಿ-ಮಾರ್ಚ್ ಸಾಮಾನ್ಯ ಗೆಂಡೆ ಮೊಟ್ಟೆ ಇಡುವ ಕಾಲಗಳಲ್ಲಿ ಒಂದು. ಅದರ ಮೊಟ್ಟೆ ಅಂಟು ಮೊಟ್ಟೆ. ದಡದ ಹುಲ್ಲಿಗೆ, ನೀರಗಿಡದ ಬೇರಿಗೆ ಅಂಟಿಸುತ್ತದೆ. ನಮ್ಮ ಆ ಹೊತ್ತಿನ ಉಷ್ಣತೆಯಲ್ಲಿ ಒಡೆಯಲು ಎರಡು-ಮೂರು ದಿನ ಬೇಕು. ಅಷ್ಟರಲ್ಲಿ ಅಂಚು ಒಂದು ಅಡಿ ಕೆಳಗೆ ಹೋದರೆ ಮೊಟ್ಟೆ ಬಿಸಿಲಿಗೆ ಒಣಗಿತು. ಜಿಲೇಬಿ ಮೀನಿಗೆ (ತಿಲಾಪಿಯಾ) ಈ ತೊಂದರೆ ಇಲ್ಲ. ಅದು ದಡದ ಕೆಸರಿನಲ್ಲಿ ಬಟ್ಟಲಿನಂಥ ಗುಂಡಿ ತೋಡುತ್ತದೆ, ನೀರು ಇಳಿದಾಗ ಆ ಗುಂಡಿಗಳು ಸಾಲಾಗಿ ಕಾಣುತ್ತವೆ. ಆದರೆ ಮೊಟ್ಟೆಗಳನ್ನು ಹೆಣ್ಣು ಬಾಯಲ್ಲಿ ಇಟ್ಟುಕೊಂಡು ಹೋಗಿರುತ್ತದೆ. ಬಹಳ ಏರಿಳಿಯುವ ಕೆರೆಗಳಲ್ಲಿ ಎರಡು-ಮೂರು ವರ್ಷದಲ್ಲಿ ಬರೀ ಬೆರಳುದ್ದದ ಜಿಲೇಬಿಯೇ ತುಂಬಿಕೊಳ್ಳುವುದಕ್ಕೆ ಇದೊಂದು ಕಾರಣ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದೇ ಇಲ್ಲ, ಅವಕ್ಕೆ ಹರಿಯುವ ನೆರೆನೀರು ಬೇಕು. ನೀವು ಬಿಟ್ಟಷ್ಟೇ ಅವು, ಹಿಡಿದಷ್ಟೂ ಕಡಿಮೆ. ಗೆಂಡೆಯ ಮರಿ ಉಳಿಸುವ ಇಚ್ಛೆ ಇದ್ದರೆ ಹೂಳು ಇಲ್ಲದ ಕಡೆ ಹುಲ್ಲಿನ ಕಟ್ಟು ಅಥವಾ ತೆಂಗಿನ ನಾರಿನ ಕಟ್ಟನ್ನು ಬಿದಿರಿಗೆ ಕಟ್ಟಿ ತೇಲಿಬಿಡಿ. ಅದು ನೀರಿನ ಜೊತೆಗೇ ಇಳಿಯುತ್ತದೆ, ಮೊಟ್ಟೆ ಒಣಗುವುದಿಲ್ಲ.

ಗಾಳದ ದೃಷ್ಟಿಯಿಂದ ನೀರಾವರಿಯ ವಾರ ಕೆಟ್ಟದ್ದು, ಮುಗಿದ ಮೂರನೆಯ ದಿನದಿಂದ ಒಳ್ಳೆಯದು. ಪಂಪ್ ಓಡುವಾಗ ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ಬಾಯಿ) ಸುತ್ತ ಕೆಸರು ಕದಡುತ್ತದೆ, ಮಟ್ಟ ಗಂಟೆ ಗಂಟೆಗೂ ಸರಿಯುತ್ತದೆ. ಆಗ ಕೂರಲೇಬೇಕಾದರೆ ಏರಿಯ ಪಕ್ಕದ ಆಳದಲ್ಲಿ ಕೂರಿ, ಬಾಲದ ಕಡೆಯ ತೆಳುನೀರಿನಲ್ಲಿ ಬೇಡ. ಮಾರಾಟಕ್ಕೆ ಮೀನು ಹಿಡಿಯುವವರು ಹೂ ನೀರಾವರಿಗೆ ಮೊದಲೇ, ಜನವರಿ ಕೊನೆಯಲ್ಲಿ, ದೊಡ್ಡ ಮೀನನ್ನು ಒಂದು ಸುತ್ತು ತೆಗೆದುಬಿಡಿ. ಎಕರೆಗೆ 2,000 ಮರಿ ಬಿಟ್ಟ ಕೆರೆಯ ನೀರು ಅರ್ಧಕ್ಕೆ ಇಳಿದರೆ ಮೀನಿನ ಸಾಂದ್ರತೆ ದುಪ್ಪಟ್ಟು. ಅಷ್ಟು ಮೀನಿಗೆ ಉಸಿರಾಡಲು ಗಾಳಿ ಇರುವುದಿಲ್ಲ. ಅತ್ಯಂತ ಆಳದ ಕಡೆ ಕನಿಷ್ಠ ನಾಲ್ಕು-ಐದು ಅಡಿ ನೀರು ಮುಂಗಾರಿನವರೆಗೆ ಉಳಿಯಲೇಬೇಕು. ಅದಕ್ಕೆ ತಕ್ಕ ಹಾಗೆ ಫುಟ್‌ವಾಲ್ವನ್ನು ತಳದಿಂದ ಅಷ್ಟು ಮೇಲೆ, ಗಟ್ಟಿಯಾಗಿ ನೆಟ್ಟ ಕಂಬಕ್ಕೆ ಕಟ್ಟಿಟ್ಟರೆ ಕೆಲಸದವರು ಮರೆತರೂ ಕೆರೆ ಖಾಲಿಯಾಗದು.

ಆಮ್ಲಜನಕದ ವಿಷಯ ಇಲ್ಲೇ ಹೇಳಬೇಕು. ಲೀಟರಿಗೆ 5 ಮಿಲಿಗ್ರಾಂ ಮೇಲಿದ್ದರೆ ಗೆಂಡೆ ಜಾತಿಗಳು ಚೆನ್ನಾಗಿ ತಿನ್ನುತ್ತವೆ. 3ಕ್ಕಿಂತ ಕೆಳಗೆ ಮೇವು ಮುಟ್ಟುವುದಿಲ್ಲ. ತಗ್ಗಿದ ಕೆರೆಯಲ್ಲಿ ರಾತ್ರಿಯೆಲ್ಲ ಪಾಚಿಯೂ ಮೀನೂ ಸೇರಿ ಗಾಳಿ ಬಳಸಿ, ಮುಂಜಾವಿಗೆ ಅತಿ ಕಡಿಮೆ ಇರುತ್ತದೆ. ಹಾಗಾಗಿ ಏಪ್ರಿಲ್-ಮೇಯಲ್ಲಿ ಹಸಿರು ಕಟ್ಟಿದ ಕೆರೆಗೆ ಬೆಳಕು ಹರಿಯುವ ಮೊದಲೇ ಓಡಿ ಹೋಗುವುದು ದಂಡ, ಎಂಟು-ಒಂಬತ್ತು ಗಂಟೆಗೆ ಹೋಗಿ. ಮೀನು ಮೇಲ್ಮೈಗೆ ಬಂದು ಬಾಯಿ ತೆರೆದು ಗುಟುಕುತ್ತಿದ್ದರೆ ಗಾಳ ಬದಿಗಿಟ್ಟು ಪಂಪ್ ಹಾಕಿ, ಅದೇ ನೀರನ್ನು ಎತ್ತರದಿಂದ ಕೆರೆಗೇ ಚಿಮ್ಮಿಸಿ. ಬಿಸಿ ದಿನಗಳ ನಡುವೆ ಸಂಜೆ ಜೋರಾಗಿ ಬೀಳುವ ಮೊದಲ ಮಳೆ ಅಪಾಯಕಾರಿ. ತಂಪು ಮಳೆನೀರು ಭಾರವಾಗಿ ತಳಕ್ಕೆ ಇಳಿಯುತ್ತದೆ, ತಳದ ಕೆಟ್ಟ ನೀರು ಮೇಲೆ ಬರುತ್ತದೆ, ಮರುದಿನ ಮೀನು ಸತ್ತು ತೇಲುತ್ತದೆ. ಕೆರೆಯಲ್ಲಿ ಹತ್ತು ಅಡಿ ಇದ್ದಾಗ ಅದೇ ಮಳೆ ಏನೂ ಮಾಡುವುದಿಲ್ಲ. ಪಲ್ಪರ್ ನೀರಿನ ಕಥೆಯೂ ಇದೇ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಹಣ್ಣಿನ ಸಿಪ್ಪೆ ಸುಲಿದಾಗ (ಪಲ್ಪ್ ಮಾಡಿದಾಗ) ಬರುವ ಸಿಹಿಯಾದ ನೀರು ಹರಿದು ಕೆರೆ ಸೇರಿದರೆ ಅದು ಕೊಳೆಯುವಾಗ ಆಮ್ಲಜನಕ ಹೀರುತ್ತದೆ, ಮಟ್ಟ ಇಳಿದಷ್ಟೂ ಅದರ ಪ್ರಮಾಣ ಹೆಚ್ಚು. ಕೊರವ ಮೀನು ಮೇಲೆ ಬಂದು ನೇರವಾಗಿ ಗಾಳಿ ಕುಡಿಯಬಲ್ಲದು. ಅದಕ್ಕೇ ಇಂಥ ದಿನಗಳಲ್ಲೂ ಅದೊಂದು ಗಾಳಕ್ಕೆ ಬರುತ್ತದೆ. ಕೊರವ ಸಿಕ್ಕಿತೆಂದು ಕೆರೆ ಚೆನ್ನಾಗಿದೆ ಎಂದುಕೊಳ್ಳಬೇಡಿ.

ಕೆಲಸದ ಮಾತು. ಕೆರೆಯ ತೂಬಿನ ಹತ್ತಿರ ಒಂದು ಪಿವಿಸಿ ಪೈಪನ್ನು ಗಟ್ಟಿಯಾಗಿ ನಿಲ್ಲಿಸಿ, ಎರಡೆರಡು ಇಂಚಿಗೆ ಬಣ್ಣದ ಗೆರೆ, ಅಡಿಗೊಂದು ಅಂಕಿ. ಬಿದಿರು ಬೇಡ, ನೀರಿನ ಮಟ್ಟದಲ್ಲೇ ಕೊಳೆತು ಬಾಗುತ್ತದೆ. ಮೀನಿಗೆ ಹೋದಾಗೆಲ್ಲ ಮಟ್ಟ, ಹಿಂದಿನ ದಿನದ ಮಟ್ಟ, ನೀರಿನ ಬಣ್ಣ, ಎಷ್ಟು ಆಳದಲ್ಲಿ ಹಿಡಿಯಿತು ಎಂದು ಬರೆದಿಡಿ. ಬೆಂಡಿನ ಎತ್ತರವನ್ನು ಕಣ್ಣಂದಾಜಿನಲ್ಲಿ ಇಡಬೇಡಿ. ಗಾಳದ ಕೊಕ್ಕೆಗೆ ಸೀಸದ ಗುಂಡು ಸಿಕ್ಕಿಸಿ ಎಸೆಯಿರಿ. ಬೆಂಡು ಮುಳುಗಿದರೆ ದಾರ ಗಿಡ್ಡ, ಮಲಗಿದರೆ ಉದ್ದ, ತುದಿ ಮಾತ್ರ ಕಂಡರೆ ಆಳ ಸರಿ. ಮಟ್ಟ ಒಂದು ಅಡಿ ಇಳಿದಿದ್ದರೆ ನೀವು ಕೂರುವ ಜಾಗ ಬದಲಾಗಬೇಕು, ಆಳ ಬದಲಾಗಬಾರದು. ನಾಲ್ಕು ಅಡಿಯಲ್ಲಿ ಹಿಡಿದಿತ್ತೇ, ಇವತ್ತಿನ ನಾಲ್ಕು ಅಡಿ ಎಲ್ಲಿದೆ ಹುಡುಕಿ. ನೀರು ಇಳಿಯುತ್ತಿರುವಾಗ ಚೆಲ್ಲುವ ಮೇವನ್ನು ಅರ್ಧಕ್ಕೆ ಇಳಿಸಿ. ನೆನೆಸಿದ ಕಡಲೆಹಿಂಡಿ ಅರ್ಧ ಕಿಲೋ, ಅಕ್ಕಿ ತೌಡು ಒಂದು ಕಿಲೋ ಕಲಸುತ್ತಿದ್ದರೆ ಅದರರ್ಧ ಸಾಕು. ಮೀನು ಒತ್ತಾಗಿ ಇದೆ, ಕರೆಯುವ ಅಗತ್ಯವಿಲ್ಲ, ಉಳಿದ ಮೇವು ಕೊಳೆತು ಗಾಳಿ ತಿನ್ನುತ್ತದೆ.

ಮಳೆಗಾಲದಲ್ಲಿ ಕೋಡಿ ಬೀಳುವ ಕೆರೆಗಳಿಗೆ ಒಂದು ಎಚ್ಚರ. ಹರಿವಿಗೆ ಎದುರು ಮತ್ತು ಹರಿವಿನ ಜೊತೆ ಮೀನು ಎರಡೂ ಕಡೆ ಹೊರಡುತ್ತದೆ. ಕೋಡಿಗೆ ನೆಟ್ಟಗೆ ಬಲೆ ಕಟ್ಟಿದರೆ ಸಿಲ್ವರ್ ಓಕ್ ಎಲೆ ಬಂದು ಒಂದೇ ರಾತ್ರಿಯಲ್ಲಿ ಮುಚ್ಚಿ, ನೀರು ಏರಿಯ ಮೇಲೆ ಹತ್ತುತ್ತದೆ, ಏರಿಯೇ ಹೋಗಬಹುದು. ಕಬ್ಬಿಣದ ಚೌಕಟ್ಟಿನ ಜಾಲರಿಯನ್ನು ಕೋಡಿಯ ಅಗಲದ ಎರಡು ಪಟ್ಟು ಉದ್ದ ಮಾಡಿ ಕೆರೆಯೊಳಗೆ ಬಾಗಿಸಿ ನಿಲ್ಲಿಸಿ, ದಿನಕ್ಕೆ ಎರಡು ಸಲ ಕುಂಟೆಯಲ್ಲಿ ಎಲೆ ಎಳೆಸಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ನಿಷಿದ್ಧ ಎಂಬುದು ಗೊತ್ತಿದ್ದೂ ಬಿಟ್ಟವರ ಕೆರೆ ಕೋಡಿ ಬಿದ್ದರೆ ಆ ಮೀನು ತೋಡು ಹಿಡಿದು ಕಾವೇರಿಗೇ ಹೋಗುತ್ತದೆ.

ಸಭೆಯಿಂದ ಬಂದ ಪ್ರಶ್ನೆಗಳು.

"ಬೇಸಿಗೆಯಲ್ಲಿ ಹಾರಂಗಿ ತಗ್ಗಿದಾಗ ಮೀನೆಲ್ಲ ಆಳಕ್ಕೆ ಹೋಗಿರುತ್ತದಲ್ಲವೇ? ನಲವತ್ತು ಅಡಿಗೆ ಇಳಿಬಿಟ್ಟರೂ ಸಿಗುವುದಿಲ್ಲ."

ನಲವತ್ತು ಅಡಿಯಲ್ಲಿ ಇರುವುದಿಲ್ಲ, ಅದಕ್ಕೇ ಸಿಗುವುದಿಲ್ಲ. ಬಿಸಿಲಿಗೆ ಮೇಲಿನ ನೀರು ಬಿಸಿಯಾಗಿ ಹಗುರವಾಗಿ ಮೇಲೇ ನಿಲ್ಲುತ್ತದೆ, ಕೆಳಗಿನ ತಂಪು ನೀರಿನ ಜೊತೆ ಬೆರೆಯುವುದಿಲ್ಲ. ತಳದಲ್ಲಿ ಗಾಳಿ ಮುಗಿದಿರುತ್ತದೆ. ಕಡಿದಾದ ದಡದಲ್ಲಿ ಹತ್ತರಿಂದ ಹದಿನೈದು ಅಡಿಯಲ್ಲಿ ಪ್ರಯತ್ನಿಸಿ. ಜಲಾಶಯಕ್ಕೆ ಇಳಿಯುವ ಮುನ್ನ ಮೀನುಗಾರಿಕೆ ಇಲಾಖೆಯಲ್ಲಿ ಪರವಾನಗಿ ವಿಚಾರಿಸಿಕೊಳ್ಳಿ.

"ಮೊದಲ ಮಳೆಗೆ ಹತ್ತುಮೀನು ಹಿಡಿಯುವುದು ಮೊದಲಿನಿಂದಲೂ ಇದೆ. ಅದರಿಂದ ನಷ್ಟವೇ?"

ಮೊದಲ ಏರಿಕೆಗೆ ಗದ್ದೆ-ತೋಡು ಹತ್ತುವ ಮೀನಿನ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ತೋಡಿನ ಪೂರ್ತಿ ಅಗಲಕ್ಕೆ ಕೂಳಿ (ಮೀನು ಹಿಡಿಯುವ ಬಿದಿರ ಬುಟ್ಟಿ) ಹೂಡಿದರೆ ಒಂದೂ ಮೇಲೆ ಹೋಗದು. ಅರ್ಧ ತೋಡು ಬಿಡಿ. ಅಥವಾ ಗದ್ದೆಯ ನೀರು ಇಳಿಯುವಾಗ, ಮೀನು ಕೆಳಗೆ ಬರುವ ಕಾಲಕ್ಕೆ ಕೂಳಿ ತಿರುಗಿಸಿ ಇಡಿ. ಆಗ ಸಿಗುವುದು ಮೊಟ್ಟೆ ಇಟ್ಟು ಮುಗಿಸಿದ ಮೀನು. ಕೆಂಪು ಮರಿಗಳ ಗುಂಪಿನ ಕೆಳಗೆ ಸುತ್ತುವ ಕೊರವವನ್ನೂ ಬಿಡಿ, ಅದು ಮರಿ ಕಾಯುತ್ತಿದೆ.

"ಹಿನ್ನೀರಿನಲ್ಲಿ ಮಹಶೀರ್ ಸಿಕ್ಕರೆ?"

ಬಿಟ್ಟುಬಿಡಿ. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಕಿತ್ತಳೆ ರೆಕ್ಕೆಯ ಮಹಶೀರ್ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ನೀರಿನಿಂದ ಪೂರ್ತಿ ಎತ್ತದೆ, ಒದ್ದೆ ಕೈಯಲ್ಲಿ ಹಿಡಿದು, ಮುಳ್ಳು ತೆಗೆದ ಕೊಕ್ಕೆಯಾದರೆ ಇನ್ನೂ ಸುಲಭ, ತಲೆಯನ್ನು ಹರಿವಿನ ಕಡೆ ಮಾಡಿ ತಾನಾಗಿ ಹೊರಡುವವರೆಗೆ ಆಸರೆ ಕೊಡಿ. ಮಟ್ಟ ತಗ್ಗಿ ನೀರು ಬಿಸಿಯಾಗಿರುವಾಗ ಹೆಚ್ಚು ಹೊತ್ತು ಎಳೆದಾಡಿದ ಮೀನು ಬಿಟ್ಟ ಮೇಲೂ ಸಾಯುತ್ತದೆ. ಏಪ್ರಿಲ್-ಮೇ ಮಧ್ಯಾಹ್ನ ಆ ಕಡೆ ಹೋಗದಿರುವುದೇ ಮೇಲು.

"ಅಣೆಕಟ್ಟಿನ ಕೆಳಗೆ, ಕೂಡಿಗೆ ಕಡೆ ಹೊಳೆಯಲ್ಲಿ ಹಾಕಬಹುದೇ?"

ಅಣೆಕಟ್ಟಿನ ಹತ್ತಿರ ಹೋಗಲೇಬೇಡಿ. ಕೆಳಗೆ ದೂರದಲ್ಲೂ, ಗೇಟ್ ತೆರೆದರೆ ಹೊಳೆಯ ನಡುಬಂಡೆಯ ಮೇಲೆ ಕೂತವರಿಗೆ ದಡ ಸೇರಲು ಹೊತ್ತು ಸಿಗುವುದಿಲ್ಲ. ಹೊರಹರಿವು ಹೆಚ್ಚಿಸುವ ಪ್ರಕಟಣೆ ಇದ್ದ ದಿನ ಹೊಳೆಗೆ ಇಳಿಯಬೇಡಿ. ತಿಳಿನೀರು ಬಣ್ಣ ತಿರುಗಿದರೆ, ಎಲೆ-ಕಡ್ಡಿ ತೇಲಿ ಬರತೊಡಗಿದರೆ, ಒದ್ದೆ ಇಲ್ಲದಿದ್ದ ಕಲ್ಲಿನ ಬುಡ ಒದ್ದೆಯಾದರೆ ಗಾಳ ಸುತ್ತುತ್ತಾ ಕೂರಬೇಡಿ, ದಾರ ಕತ್ತರಿಸಿ ದಡ ಹತ್ತಿ.